ಅಜ್ಜಿ ಪಾಲಿನ ಸೋಮವಾರಗಳು

28 ಜುಲೈ, ಸೋಮವಾರ
ಈಗಷ್ಟೇ ಓಟದ ಟ್ರ್ಯಾಕ್‌ನಿಂದ ಬಂದೆ. ಹೊಟ್ಟೆ ಖಾಲಿ, ತಲೆ ಸ್ವಲ್ಪ ಗಿರ್ರ್. ಇವತ್ತಿನಿಂದ ಹದಿನಾರು ಸೋಮವಾರದ ವ್ರತ. ಹಗಲೆಲ್ಲ ಉಪವಾಸ, ರಾತ್ರಿ ಒಂದೇ ಊಟ. ಸ್ಟೇಟ್ ಮೀಟ್‌ಗೆ ನಾನು ಸೆಲೆಕ್ಟ್ ಆಗಲಿ ಅಂತ ಹರಕೆ ಹೊತ್ತವಳು ಅಜ್ಜಿ, ಹಸಿಯಬೇಕಾದವಳು ನಾನು! ಮಿಕ್ಕ ದಿನವೂ ಅನ್ನಕ್ಕೆ ಕತ್ತರಿಯೇ. ಕೋಚ್ ಹನುಮಂತರಾಜು ಸರ್ “ಎರಡು ಕೇಜಿ ಇಳ್ಸಮ್ಮ, ಹಾರ್ತೀಯ” ಅಂದಿದ್ದರು. ಐದು ಇಳಿಸಿದ್ದೇನೆ. ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚು ಮಾಡದಿದ್ದರೆ ನನಗೆ ಸಮಾಧಾನವಿಲ್ಲ.

ಹೊರಗಾದರೆ ವ್ರತ ನಡುವೆ ತಪ್ಪುತ್ತದೆ. ಆ ಭಯವೂ ಇಲ್ಲ, ಯುಗಾದಿಯಿಂದ ಮುಟ್ಟೇ ಬಂದಿಲ್ಲ. ಹೇಳಿದ್ದಕ್ಕೆ ಅಜ್ಜಿ ಕೈ ಮುಗಿದಳು. “ಶಿವನೇ ತಡ್ದವ್ನೆ ಕಣೇ ಅನುಪಮಾ, ವ್ರತ ಕೆಡಬಾರ್ದು ಅಂತ.” ನನಗೂ ಖುಷಿ. ರೇಸ್ ದಿನ ಪ್ಯಾಡ್ ತಾಪತ್ರಯ ಇಲ್ಲ.

24 ಆಗಸ್ಟ್, ಭಾನುವಾರ
ಕುಣಿಗಲ್ ರೋಡ್ ರೇಸ್... ಮುಗಿಸಲಿಲ್ಲ. ಮೊಣಕಾಲ ಕೆಳಗೆ ಎಷ್ಟೋ ದಿನದಿಂದ ನೋವು, ಸ್ಪ್ರೇ ಹೊಡೆದುಕೊಂಡು ಓಡುತ್ತಿದ್ದೆ. ಇವತ್ತು ಕೆರೆ ಏರಿಯ ಮೇಲೆ ಕಾಲೂರಲು ಆಗಲೇ ಇಲ್ಲ. ಕೂತುಬಿಟ್ಟೆ. ಜೊತೆಗೆ ಪ್ರಾಕ್ಟೀಸ್ ಮಾಡುವ ಶಿಲ್ಪಾ ದಾಟಿ ಹೋದವಳು ವಾಪಸ್ ಬಂದು ಎಬ್ಬಿಸಿದಳು.

“ಏನ್ಲೇ ತಿಂದೆ ಬೆಳಿಗ್ಗೆ?”
“ಕಾಫಿ.”
“ಥೂ, ನಿನ್ನ!”

ನನ್ನಿಂದ ಅವಳ ರೇಸೂ ಹೋಯಿತು.

26 ಆಗಸ್ಟ್
ಬಟವಾಡಿ ಕ್ಲಿನಿಕ್. ಡಾಕ್ಟರ್ ಉಮಾಮಹೇಶ್ವರಿ ಸ್ಕ್ಯಾನ್ ನೋಡಿ, ಕಾಲಿನ ಮಾತು ಬಿಟ್ಟು, ಕೊನೆಯ ಸಲ ಮುಟ್ಟಾಗಿದ್ದು ಯಾವಾಗ ಅಂತ ಕೇಳಿದರು. ಪಕ್ಕದಲ್ಲಿದ್ದ ಅಜ್ಜಿಯೇ ಹೆಮ್ಮೆಯಿಂದ ಹೇಳಿದಳು, “ಯುಗಾದಿಯಿಂದ ಇಲ್ಲ ಡಾಕ್ಟ್ರೇ. ದೇವ್ರ ದಯೆ.” ಡಾಕ್ಟರ್ ಪೆನ್ನು ಕೆಳಗಿಟ್ಟರು.

ಮೂಳೆಯಲ್ಲಿ ಸಣ್ಣ ಬಿರುಕು. ಬಿದ್ದು ಆದದ್ದಲ್ಲ. “ಓಡೋ ಓಟಕ್ಕೆ ಸಾಲೋಷ್ಟು ನೀವು ತಿಂತಿಲ್ಲ. ಸಾಲ್ದೇ ಹೋದ್ರೆ ದೇಹ ಮುಟ್ಟು ನಿಲ್ಸುತ್ತೆ. ಮುಟ್ಟು ತರೋ ಹಾರ್ಮೋನ್ ಕಮ್ಮಿ ಆದ್ರೆ ಮೂಳೆ ಸವೆಯುತ್ತೆ. ಮೂಳೆ ಕೂಡ್ಬೇಕು, ಮುಟ್ಟು ವಾಪಸ್ ಬರ್ಬೇಕು. ಎರಡೂ ಆಗೋವರ್ಗೂ ಓಟ ಇಲ್ಲ. ಉಪವಾಸ ಅಂತೂ ಬೇಡ್ವೇ ಬೇಡ.”

ಸ್ಟೇಟ್ ಮೀಟ್ ಹೋಯಿತು. ಇನ್ನು ಓಡುವುದಕ್ಕೇ ಆಗದಿದ್ದರೆ? ಆಟೋದಲ್ಲಿ ಅಜ್ಜಿ ಉಪ್ಪಾರಹಳ್ಳಿಯ ಮನೆ ಬರುವವರೆಗೂ ನನ್ನ ಕೈ ಹಿಡಿದೇ ಇದ್ದಳು.

1 ಸೆಪ್ಟೆಂಬರ್, ಸೋಮವಾರ
ಬೆಳಿಗ್ಗೆ ಎದ್ದರೆ ತಟ್ಟೆಯಲ್ಲಿ ರಾಗಿ ರೊಟ್ಟಿ, ಮೇಲೆ ಧಾರಾಳ ತುಪ್ಪ.

“ಅಜ್ಜೀ, ಸೋಮವಾರ!”
“ಹರಕೆ ಹೊತ್ತೋಳು ನಾನು. ಮಿಕ್ಕಿದ್ ಸೋಮವಾರ ನಾನೇ ಮಾಡ್ತೀನಿ. ನೀನ್ ತಿನ್ನು.”
“ಶಿವ ಒಪ್ತಾನಾ?”
“ಒಪ್ದೆ ಏನ್ ಮಾಡ್ತಾನೆ? ಅವ್ನ ಕೇಳ್ಬುಟ್ಟು ಹರಕೆ ಹೊತ್ತಿದ್ನಾ?”

ಅಜ್ಜಿಗೆ ಬೀಪಿ. ಹಾಲು, ಬಾಳೆಹಣ್ಣು ತಗೊಂಡರೆ ಮಾತ್ರ ಅಂತ ಅಮ್ಮ ಷರತ್ತು ಹಾಕಿದಳು. ನಾನು ರೊಟ್ಟಿ ಮುರಿದೆ. ಪೂರ್ತಿ ತಿಂದೆ.

13 ಸೆಪ್ಟೆಂಬರ್
ತಿನ್ನುವುದು ಓಡುವುದಕ್ಕಿಂತ ಕಷ್ಟ. ಹೊಟ್ಟೆ ಉಬ್ಬರ, ತೂಕ ಏರುತ್ತಿದೆ, ಕನ್ನಡಿ ಕಂಡರೆ ಸಿಟ್ಟು. ಸಂಜೆ ಕೋಚ್ ಸರ್ ನಮ್ಮ ಮನೆಗೆ ಬಂದಿದ್ದರು. ಕುರ್ಚಿಯ ತುದಿಯಲ್ಲೇ ಕೂತರು.

“ಬರೀ ತೂಕ ಕೇಳ್ದೆ ಕಣಮ್ಮ. ಊಟ ಮಾಡಿದ್ಯಾ ಅಂತ ಒಂದಿನಾನೂ ಕೇಳ್ಲಿಲ್ಲ.”

ಬೈಯಬೇಕು ಅಂತಿದ್ದೆ, ಆಗಲಿಲ್ಲ. ಗುಬ್ಬಿಯಿಂದ ಸೋದರತ್ತೆ ಕಳಿಸಿದ್ದ ಕೊಬ್ಬರಿ ಮಿಠಾಯಿ ಕೊಟ್ಟೆ. ಅವರೆದುರೇ ನಾನೂ ಎರಡು ತಿಂದೆ.

30 ಅಕ್ಟೋಬರ್
ಮೂಳೆ ಕೂಡಿದೆ!! ಡಾಕ್ಟರ್ ಬೆರಳಲ್ಲಿ ಒತ್ತಿದರು, ನೋವೇ ಇಲ್ಲ. ಆದರೆ ಇನ್ನೊಂದು... ಇನ್ನೂ ಇಲ್ಲ. “ಕಾಯೋಣ, ತಿಂತಾ ಇರಿ.” ಎಷ್ಟು ದಿನ? ಬರದೇ ಹೋದರೆ? ಸಂಜೆ ಸ್ಟೇಡಿಯಂ ಗೇಟಿನವರೆಗೆ ನಡೆದು ಹೋದೆ. ಒಳಗೆ ಶಿಲ್ಪಾ ಸ್ಪ್ರಿಂಟ್ ಹೊಡೆಯುತ್ತಿದ್ದಳು. ಹೊಟ್ಟೆ ಉರಿಯಿತು. ವಾಪಸ್ ಬಂದೆ.

10 ನವೆಂಬರ್, ಸೋಮವಾರ
ಬಂತು.

ಬಾತ್‌ರೂಮಿನಲ್ಲೇ ನಿಂತು ಅಳು, ನಗು, ಎರಡೂ. ಅಬ್ಬಾ... ಎದೆಯ ಮೇಲಿನ ಚಪ್ಪಡಿ ಇಳಿದ ಹಾಗಾಯಿತು.

ಅಜ್ಜಿಗೆ ಇವತ್ತು ಕೊನೆಯ ಸೋಮವಾರ. ಮಡಿಯುಟ್ಟು ದೇವರ ಮನೆಯಲ್ಲಿ ಬಿಲ್ವಪತ್ರೆ ಬಿಡಿಸುತ್ತಿದ್ದಳು. ಹೊರಗಾದವರು ನಮ್ಮ ಮನೆಯಲ್ಲಿ ದೇವರ ಮನೆ, ಅಡುಗೆಮನೆ ಎರಡಕ್ಕೂ ಕಾಲಿಡುವುದಿಲ್ಲ. ದೂರದಲ್ಲೇ ನಿಂತೆ.

“ಅಜ್ಜೀ... ಹೊರಗಾಗಿದೀನಿ.”

ಪತ್ರೆ ಅಲ್ಲೇ ಬಿಟ್ಟು ಎದ್ದು ಬಂದಳು. ಬಂದವಳೇ ಗಟ್ಟಿಯಾಗಿ ತಬ್ಬಿಕೊಂಡಳು.

“ಅಜ್ಜಿ, ಮಡಿ! ಪೂಜೆ ಇನ್ನೂ—”
“ಬುಡು ಅತ್ಲಾಗೆ! ಇನ್ನೊಂದ್ ಕಿತ ನೀರ್ ಹುಯ್ಕೊಂಡ್ರಾಯ್ತು.”

ಅಳುತ್ತಿದ್ದಳು. ಅಜ್ಜಿ ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ. ಡಾಕ್ಟರ್‌ಗೆ ಫೋನ್ ಮಾಡಿದೆ. ನಾಳೆಯಿಂದ ನಿಧಾನವಾಗಿ ಓಡಬಹುದಂತೆ! ಹೊಟ್ಟೆ ತುಂಬ ತಿಂದು ಮಾತ್ರ. ಶಿಲ್ಪಾಗೆ ಮೆಸೇಜ್ ಹಾಕಿದೆ, ನಾನು ವಾಪಸ್ ಬರ್ತಿದೀನಿ, ಎಚ್ಚರವಾಗಿರು ಅಂತ.

ಅಜ್ಜಿ ಎರಡನೇ ಸ್ನಾನಕ್ಕೆ ಹೋಗಿದ್ದಾಳೆ. ಬಚ್ಚಲಿಂದಲೇ ಕೂಗುತ್ತಿದ್ದಾಳೆ, “ಅನುಪಮಾ, ಒಲೆ ಮೇಲೆ ಹಾಲೈತೆ, ನೋಡೇ!” ನಾನಾ? ಇವತ್ತು? ಅಡುಗೆಮನೆಗಾ? “ನೀನೇ ಕಣೇ, ಇನ್ಯಾರು! ಓಡು, ಉಕ್ತದೆ!”

ಹೊರಟೆ, ಹಾಲು—