ಕಪ್ಪಾದ ಪರದೆಯ ಒಂದು ನಿಮಿಷ

ಇಳಕಲ್ಲ,
ಫೆಬ್ರುವರಿ ೩೦, ೨೨೧೭

ಶಿಶುಪೆಟ್ಟಿಗೆಯ ಕೈಪಿಡಿ ಬರೆಯುತ್ತಿರುವವರಿಗೆ ನಮಸ್ಕಾರ.

ತಾರೀಖು ತಪ್ಪಾಗಿಲ್ಲ, ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಹಿಂದಿನ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆಯೂ ನಮ್ಮಲ್ಲಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಶಾಂಭವಿ ಬಡಿಗೇರ, ಇಲ್ಲಿನ ಹೆರಿಗೆಮನೆಯ ಸೂಲಗಿತ್ತಿ.

ನಾವು ಯಂತ್ರಗಳ ಗುಂಡಿ ಒತ್ತುವುದಿಲ್ಲ. ಉರಿ ಸಣ್ಣ ಮಾಡೆಂದು ಒಲೆಗೆ, ಕದ ತೆರೆಯೆಂದು ಬಾಗಿಲಿಗೆ ಬಾಯಲ್ಲೇ ಹೇಳುತ್ತೇವೆ. ಕಳೆದ ವಾರ ಸೂರ್ಯಗಾಳಿ ಎದ್ದಿತು. ಸೂರ್ಯನಿಂದ ಬಂದು ಯಂತ್ರಗಳನ್ನು ಕೆಡಿಸುವ ಬಿರುಗಾಳಿಗೆ ನಾವಿಟ್ಟ ಹೆಸರದು. ಹೇಳಿದ್ದು ಕೇಳುವ ಯಂತ್ರಗಳೆಲ್ಲ ಕಿವುಡಾದವು. ಅದೇ ಮಧ್ಯಾಹ್ನ ರೇಣವ್ವನಿಗೆ ಏಳೇ ತಿಂಗಳಿಗೆ ಹೆರಿಗೆಯಾಯಿತು. ತಾಯಿಯ ಎದೆಗೊತ್ತಿ ಕಂಬಳಿ ಹೊದಿಸಿದರೂ ಮಗುವಿನ ಪಾದ ತಣ್ಣಗಾಗುತ್ತಲೇ ಇತ್ತು.

ರಿಪೇರಿಯ ದಾವಲಸಾಬರು, ಪ್ರದರ್ಶನಕ್ಕೆಂದು ಜೋಪಾನವಾಗಿಟ್ಟಿದ್ದ ತಿಂಗಳು ತುಂಬದ ಕೂಸನ್ನು ಬೆಚ್ಚಗಿಡುವ ನಿಮ್ಮ ಕಾಲದ ಶಿಶುಪೆಟ್ಟಿಗೆಯನ್ನು ಹೊರಿಸಿಕೊಂಡು ಬಂದರು. ಜೊತೆಗೆ ಎರಡು ಪುಸ್ತಿಕೆಗಳಿದ್ದವು. ಮೊದಲನೆಯದರಲ್ಲಿ, 'ಸೂಕ್ತ ಮಾನಕಗಳನ್ನು ಸಂರಚಿಸಿ ದೃಢೀಕರಿಸತಕ್ಕದ್ದು' ಎಂದಿತ್ತು. ಯಾವ ಮಾನಕ, ಎಲ್ಲಿ ಒತ್ತಬೇಕು, ಒಂದೂ ತಿಳಿಯಲಿಲ್ಲ. ಅದನ್ನು ಬದಿಗಿಟ್ಟೆ.

ಎರಡನೆಯದು ನಿಮ್ಮದು. 'ಪರದೆಯ ಕೆಳಗೆ, ಬಲಮೂಲೆಯಲ್ಲಿ "ಶುರು" ಎಂಬ ಹಸಿರು ಗುಂಡಿ ಇದೆ. ಅದನ್ನು ಒಮ್ಮೆ ಒತ್ತಿ.' ನಾನು ಓದಿದೆ, ದಾವಲಸಾಬರು ಒತ್ತಿದರು. ಪರದೆ ಪೂರ್ತಿ ಕಪ್ಪಾಯಿತು. ಅವರ ಬೆರಳು ಮತ್ತೆ ಗುಂಡಿಯತ್ತ ಹೋಯಿತು.

"ತಡೀರಿ ಕಾಕಾ, ಮುಟ್ಟಬ್ಯಾಡ್ರಿ," ಎಂದು ಮುಂದಿನ ಸಾಲು ಓದಿದೆ. 'ಒಂದು ನಿಮಿಷ ಪರದೆ ಕಪ್ಪಾಗಿರುತ್ತದೆ. ಯಂತ್ರ ಕೆಟ್ಟಿಲ್ಲ, ಬಿಸಿಯಾಗುತ್ತಿದೆ. ಮತ್ತೆ ಒತ್ತಬೇಡಿ. ಒತ್ತಿದರೆ ನಿಂತುಹೋಗಿ, ಆರು ಗಂಟೆ ಕಾಲ ಶುರುವಾಗುವುದಿಲ್ಲ.'

ಆರು ಗಂಟೆ ಕಾಯುವ ಶಕ್ತಿ ಆ ಮಗುವಿಗಿರಲಿಲ್ಲ. ದಾವಲಸಾಬರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ರೇಣವ್ವ ಗಟ್ಟಿಯಾಗಿ ಎಣಿಸತೊಡಗಿದಳು. ಐವತ್ತೇಳಕ್ಕೆ ಪರದೆ ಬೆಳಗಿತು. ಮಗುವನ್ನು ಪೆಟ್ಟಿಗೆಯೊಳಗೆ ಮಲಗಿಸಿದೆ. ಸಂಜೆಯ ಹೊತ್ತಿಗೆ ಮಗುವಿನ ಪಾದ ಬೆಚ್ಚಗಾಗಿ ಕೆಂಪಾಗಿತ್ತು. ನಾನು ಹಿತ್ತಿಲಿಗೆ ಹೋಗಿ ಒಬ್ಬಳೇ ಕೂತು ಅತ್ತೆ. ಈಗ ಮಗು ಹನಿಹನಿಯಾಗಿ ಹಾಲು ಕುಡಿಯುತ್ತಿದೆ.

ನಿಮ್ಮ ಪುಸ್ತಿಕೆಯನ್ನು ರೇಣವ್ವ ನಿನ್ನೆ ಇಡೀ ಓದಿದಳು. "ಇದನ್ನ ಬರದವ್ರು ಒಮ್ಮೆರ ಮಶೀನಿನ ಮುಂದ ಹೆದರಿ ನಿಂತಿರಬೇಕು ನೋಡಕ್ಕಾ," ಎಂದಳು.

ನೀವು ಯಾರೋ ತಿಳಿಯದು. ಈ ಕಾಗದ ನಿಮಗೆ ಮುಟ್ಟುವಾಗ ಆ ಪುಟ ಇನ್ನೂ ಅಚ್ಚಿಗೆ ಹೋಗಿರಲಿಕ್ಕಿಲ್ಲ. 'ಯಂತ್ರ ಕೆಟ್ಟಿಲ್ಲ' ಎಂಬುದು ಹೆಚ್ಚಿನ ಮಾತು, ತೆಗೆದುಬಿಡಿ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಹೇಳಬಹುದು. ದಯವಿಟ್ಟು ತೆಗೆಯಬೇಡಿ.

ಇಂತಿ,
ಶಾಂಭವಿ