ಗುಬ್ಬಿಗೆ ನರ್ಸ್ ಮಂಜೂರಾದ ಬಗೆ

ಬುಧವಾರ, ಜೂನ್ ೧೭

ಪ್ರೀತಿಯ ಅಕ್ಕ,

ನಾವಿಲ್ಲಿ ಎಲ್ಲರೂ ಇದ್ದೇವೆ. ಕ್ಷೇಮವೋ ಅಲ್ಲವೋ, ಓದಿ ನೀನೇ ತೀರ್ಮಾನಿಸು. ನಿನ್ನ ಪತ್ರಗಳಿಗೆ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬೈಯುವುದಾದರೂ ಭಾವ ಪಕ್ಕದಲ್ಲಿಲ್ಲದಾಗ ಬೈ. ಅವರು ನನ್ನ ಪರ ವಹಿಸಿ, ಆಮೇಲೆ ನಿಮ್ಮಿಬ್ಬರಿಗೆ ಜಗಳವಾಗುವುದು ಬೇಡ. ಪೆನ್ನು ಹಿಡಿದಾಗಲೆಲ್ಲ ಕೆಟ್ಟ ಮಾತೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ.

ಮೊದಲು ಒಳ್ಳೆಯ ಸುದ್ದಿ. ಗುಬ್ಬಿಗೆ ನರ್ಸ್ ಮಂಜೂರಾಗಿದೆ. ನೀನು ಧಾರಾಳವಾಗಿ ಖುಷಿಪಡು. ನನಗೆ ಮಾತ್ರ ಬಾಯೆಲ್ಲ ಕಹಿಯಾಗಿದೆ.

ನೀನು ಬಂದಾಗ ಅವಳಿನ್ನೂ ಆಸ್ಪತ್ರೆಯಲ್ಲಿದ್ದಳು. ಕತ್ತಿಗೆ ತೂತು ಮಾಡಿ ಕೊಳವೆ ಇಟ್ಟಿದ್ದನ್ನು ನೋಡಿ ನೀನು ಹೊರಗೆ ಹೋಗಿ ಅತ್ತುಬಿಟ್ಟೆ. ಆ ಕೊಳವೆಯಿಂದಲೇ ನನ್ನ ಏಳು ವರ್ಷದ ಮಗಳು ಈಗ ಉಸಿರಾಡುವುದು. ದನಿ ಹೊರಡುವುದಿಲ್ಲ. ಅದರಲ್ಲಿ ಕಫ ಕಟ್ಟಿದರೆ ಗೊರಗೊರ ಸದ್ದು ಬರುತ್ತದೆ. ಆಗ ಸಣ್ಣ ಪೈಪ್ ಇಳಿಸಿ, ಯಂತ್ರದಿಂದ ಎಳೆದು ತೆಗೆಯಬೇಕು. ಹಗಲಾಗಲಿ ರಾತ್ರಿಯಾಗಲಿ, ತಡಮಾಡುವ ಹಾಗಿಲ್ಲ. ಆಸ್ಪತ್ರೆಯವರು ರಬ್ಬರ್ ಗೊಂಬೆಯೊಂದರ ಮೇಲೆ ನನಗೆ ಅದನ್ನು ಕಲಿಸಿದರು, ಮನೆಯಲ್ಲಿ ತರಬೇತಾದ ನರ್ಸ್ ಇರಲೇಬೇಕು ಎಂದರು, ಕೈತೊಳೆದುಕೊಂಡರು. ಆ ನರ್ಸ್ ಎಲ್ಲಿಂದ ಬರಬೇಕು ಎಂದು ಯಾರೂ ಹೇಳಲಿಲ್ಲ.

ಮನೆಗಳಿಗೆ ನರ್ಸ್ ಒದಗಿಸುವ ಏಜೆನ್ಸಿಯವರು ಒಬ್ಬಳನ್ನು ಕಳಿಸಿದರು. ವಯಸ್ಸಾದವರನ್ನು ನೋಡಿಕೊಳ್ಳುವ ಹೆಂಗಸು. ಕೊಳವೆ ನೋಡಿದವಳೇ, "ಅಕ್ಕಾ, ಬೇಕಾದ್ರೆ ಮನೆಯೆಲ್ಲ ಒರೆಸಿಕೊಡ್ತೀನಿ, ಅದನ್ನ ಮಾತ್ರ ಮುಟ್ಟಲ್ಲ. ನನಗೆ ಕಲಿಸಿಲ್ಲ" ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಏಜೆನ್ಸಿಗೆ ಫೋನ್ ಮಾಡಿದರೆ, "ಇಂಥ ಮಕ್ಕಳನ್ನ ನೋಡೋರು ನಮ್ಮಲ್ಲಿ ಇಲ್ಲ ಮೇಡಂ. ಯಾರೋ ಒಬ್ರು ಇದ್ರೆ ಒಳ್ಳೇದಲ್ವಾ ಅಂತ ಕಳಿಸಿದ್ವಿ" ಎಂದರು. ಬಾಡಿಗೆಗೆ ಕುರ್ಚಿ ಕೇಳಿದವರಿಗೆ ಶಾಮಿಯಾನ ಕಳಿಸಿದ ಹಾಗೆ.

ಕೊನೆಗೆ ಗಂಡ ಹೆಂಡತಿ ನಾವೇ ಪಾಳಿ ಹಾಕಿಕೊಂಡೆವು. ಇವರು ಕೆಲಸ ಬಿಡುವಂತಿಲ್ಲ, ಅತ್ತೆಯವರ ಕೈ ನಡುಗುತ್ತದೆ. ಹಾಗಾಗಿ ಪಾಳಿ ಎಂದರೆ ನಾನೇ. ಒಂದು ದಿನ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಅಂಗೈ ಸುಟ್ಟುಕೊಂಡೆ. ಕೈ ಹಾಳಾಗಲಿ, ಗುಬ್ಬಿಯ ಪಕ್ಕದಲ್ಲಿ ಹೀಗೇ ತೂಕಡಿಸಿದರೆ ಅವಳಿಗೆ ನನ್ನನ್ನು ಕೂಗಿ ಎಬ್ಬಿಸಲೂ ಆಗುವುದಿಲ್ಲವಲ್ಲ. ಆ ಹೆದರಿಕೆಗೇ, ಮನೆಗೆ ನರ್ಸ್ ಕೊಡುವ ಸರ್ಕಾರಿ ಕಚೇರಿಗೆ ಅರ್ಜಿ ಹಾಕಿದೆವು.

ಮಗುವನ್ನು ನೋಡಲು ಕಚೇರಿಯಿಂದ ಮೇಡಂ ಬರುತ್ತಾರೆ ಎಂದರು. ನಾನೆಂಥ ಪೆದ್ದಿ ನೋಡು. ಮನೆಗೆ ಯಾರಾದರೂ ಬರುತ್ತಾರೆಂದರೆ ಮೊದಲು ಪೊರಕೆ ಹಿಡಿ ಎಂದೇ ಅಲ್ಲವೇ ಅಮ್ಮ ನಮ್ಮನ್ನು ಬೆಳೆಸಿದ್ದು? ನೆಲ ಒರೆಸಿದೆ, ಹಾಸಿಗೆಗೆ ಒಗೆದ ಹೊದಿಕೆ ಹಾಸಿದೆ, ಗುಬ್ಬಿಗೆ ಹಳದಿ ಫ್ರಾಕ್ ಹಾಕಿದೆ. ಅವರು ಬರುವ ಮುಂಚೆಯೇ ಕಫವನ್ನೆಲ್ಲ ತೆಗೆದುಬಿಟ್ಟೆ, ಬಂದವರೆದುರು ಮಗು ಗೊರಗುಟ್ಟಿದರೆ ಮರ್ಯಾದೆ ಹೋಗುತ್ತದೆ ಎನ್ನುವ ಹಾಗೆ.

ಮೇಡಂ ಮೂಗಿಗೆ ಕರ್ಚೀಫು ಹಿಡಿದೇ ಒಳಗೆ ಬಂದರು. ಗುಬ್ಬಿ ತಾನು ಬಿಡಿಸಿದ ಆನೆಯ ಚಿತ್ರ ಕೊಟ್ಟಳು. ಅದನ್ನು ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟು, ಬೆರಳು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ಚೊಕ್ಕವಾಗಿ ಇಟ್ಕೊಂಡಿದೀರಿ. ನಿಮ್ಮಂಥ ತಾಯಿ ಇರುವಾಗ ನರ್ಸ್ ಯಾಕಮ್ಮ? ನೀವು ದೇವತೆ" ಎಂದರು. ಮಗು ಚೆನ್ನಾಗಿದೆ, ತಾಯಿ ಸಮರ್ಥಳು, ನರ್ಸ್ ಅಗತ್ಯವಿಲ್ಲ ಎಂದು ಅರ್ಜಿ ವಾಪಸಾಯಿತು.

ಅಕ್ಕ, ಕಫ ಕಂಡರೆ ನನಗೆ ಹೇಸಿಗೆಯಾಗುವುದಿಲ್ಲ. ಅದು ನನ್ನ ಮಗಳದು, ಹೊರಗೆ ಬಂದರೆ ಅವಳಿಗೆ ಹಗುರ. ನನಗೆ ವಾಕರಿಕೆ ಬಂದದ್ದು ಆ ಹೊಗಳಿಕೆ ಕೇಳಿ. ಈಗ ಯಾರಾದರೂ ನನ್ನನ್ನು ದೇವತೆ ಎಂದರೆ, ಅವರು ಏನೂ ಕೊಡುವವರಲ್ಲ ಎಂದು ತಿಳಿದುಕೊಳ್ಳುತ್ತೇನೆ.

ಇವರು ಕಚೇರಿಗೆ ಹೋಗಿ ಜಗಳವಾಡಿದರು. ಅಲ್ಲಿನ ಗುಮಾಸ್ತ ಇವರನ್ನು ಮೆಟ್ಟಿಲ ಬಳಿ ಕರೆದುಕೊಂಡು ಹೋಗಿ ಉಪದೇಶ ಮಾಡಿದನಂತೆ: "ಸರ್, ಮಗುನ ನೀವು ಅಷ್ಟು ಚೆನ್ನಾಗಿ ತೋರಿಸಿದ್ರೆ ಅವರು ತಾನೇ ಏನ್ ಬರೀತಾರೆ? ಮತ್ತೆ ಬರೋ ಹಾಗೆ ನಾನು ಮಾಡ್ತೀನಿ. ಅವರಿದ್ದಾಗ ಸ್ವಲ್ಪ ಒದ್ದಾಡ್ಲಿ ಬಿಡಿ, ಕಣ್ಣಾರೆ ನೋಡ್ಲಿ." ಬೆಂಚಿನ ಮೇಲೆ ಕೂತಿದ್ದ ಬೇರೆ ಅಪ್ಪ ಅಮ್ಮಂದಿರಿಗೆಲ್ಲ ಈ ಉಪಾಯ ಮೊದಲೇ ಗೊತ್ತಿತ್ತಂತೆ. ಮಗುವಿನ ಉಸಿರು ಕಟ್ಟಿಸಿ ತೋರಿಸುವುದೇ ಅಲ್ಲಿನ ಪದ್ಧತಿ. ಥೂ.

ಮನೆಗೆ ಬಂದು ಇವರು ಅಡುಗೆಮನೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ಹೇಳಿ, ತಲೆ ತಗ್ಗಿಸಿಕೊಂಡೇ ಕೇಳಿಕೊಂಡರು: "ಒಂದೇ ಒಂದು ಸಲ ಕಣೇ. ಪೈಪ್ ತಗೊಳ್ಳೋದು ಸ್ವಲ್ಪ ತಡ ಮಾಡು. ನರ್ಸ್ ಸಿಕ್ಕರೆ ಅವಳಿಗೇ ಅಲ್ವಾ ಒಳ್ಳೇದು?"

"ನನ್ನ ಕೈಲಾಗಲ್ಲ. ನೀವು ಬೇಕಾದ್ರೆ ನನ್ನ ಕೈ ಕಟ್ಟಿಹಾಕಿ" ಎಂದೆ.

"ಹಾಗಾದ್ರೆ ಹೀಗೇ ಇರೋಣ. ಒಂದಿನ ನೀನೂ ಬೀಳ್ತೀಯ, ಅವಳೂ ಹೋಗ್ತಾಳೆ" ಎಂದರು. ಅಷ್ಟು ಜೋರಾಗಿ ಅವರು ಮಾತಾಡಿದ್ದೇ ಇಲ್ಲ. ಆಮೇಲೆ ಅತ್ತರು. ನಾನು ಅಳಲಿಲ್ಲ, ತಟ್ಟೆಗಳನ್ನು ಕುಕ್ಕಿದೆ.

ಮೇಡಂ ಎರಡನೆಯ ಸಲ ಬಂದರು, ನೋಡಬೇಕಾದ್ದನ್ನು ನೋಡಿದರು, ಮಂಜೂರಾಯಿತು. ಈಗ ಬರುತ್ತಿರುವ ನರ್ಸ್ ಕನ್ನಡಕದ ಹುಡುಗಿ. ಕೆಲಸ ಬಲ್ಲವಳು, ಮಾತು ಕಡಿಮೆ. ನಿನ್ನೆ ಮಧ್ಯಾಹ್ನ ಮಲಗಿದವಳು ಸಂಜೆಗೆ ಎದ್ದೆ. ಎಲ್ಲರೂ ಫೋನ್ ಮಾಡಿ, ಅಂತೂ ಗೆದ್ದಿರಲ್ಲ ಎನ್ನುತ್ತಾರೆ. ಇವರು ಸಿಹಿ ತಂದಿದ್ದರು, ಪೊಟ್ಟಣ ಬಿಚ್ಚದೆ ಹಾಗೇ ನರ್ಸ್ ಕೈಗೆ ಕೊಟ್ಟೆ.

ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಆಶೀರ್ವಾದ. ದೊಡ್ಡವನ ಕೆಮ್ಮು ಹೋಯಿತೇ? ಜೋರಾಗಿ ಕೆಮ್ಮಿದರೆ ಗದರಬೇಡ, ಗಟ್ಟಿಯಾಗಿ ಕೆಮ್ಮಲು ಬರುವುದೂ ಒಂದು ಪುಣ್ಯ. ಭಾವನಿಗೆ ನಮಸ್ಕಾರ ಹೇಳು. ನೀನು ಬೆನ್ನು ನೋವಿಗೆ ಔಷಧಿ ತೆಗೆದುಕೊ, ನನಗೆ ಬುದ್ಧಿ ಹೇಳಿ ನೀನೇ ಮರೆಯಬೇಡ.

ನಿನ್ನ
ಪೆದ್ದು ತಂಗಿ

ತಾ.ಕ.: ಎರಡನೆಯ ಸಲದ್ದನ್ನು ಹಾರಿಸಿ ಬರೆದೆ. ನೀನು ಕೇಳಿಯೇ ಕೇಳುತ್ತೀಯ, ಫೋನಿನಲ್ಲಿ ನನಗೆ ಹೇಳಲಾಗುವುದಿಲ್ಲ. ನಾನು ಇವರ ಮಾತು ಕೇಳಲಿಲ್ಲ, ಅಕ್ಕ. ಮೇಡಂ ಕೂತಿದ್ದಾಗಲೇ ಗೊರಗೊರ ಶುರುವಾಯಿತು, ತಕ್ಷಣ ಪೈಪ್ ಹಿಡಿದು ಹೋದೆ. ಗುಬ್ಬಿ ನನ್ನ ಕೈ ತಳ್ಳಿದಳು. ಮತ್ತೆ ಹೋದೆ. ಎರಡೂ ಕೈಯಿಂದ ಕೊಳವೆ ಮುಚ್ಚಿಕೊಂಡು, ಗೋಡೆಯ ಕಡೆ ಸರಿದಳು. ತುಟಿ ಕಪ್ಪಾಗುತ್ತಾ ಬಂತು. ಆಗಲೂ ಅವಳ ಕಣ್ಣು ನನ್ನ ಮೇಲಿರಲಿಲ್ಲ, ಮೇಡಂ ಕೈಯಲ್ಲಿದ್ದ ಪೆನ್ನಿನ ಮೇಲಿತ್ತು. ಮೇಡಂ ಗಾಬರಿಯಾಗಿ ಬರೆಯತೊಡಗಿದ ಮೇಲೆಯೇ ಕೈ ತೆಗೆದಳು, ತಾನಾಗಿಯೇ ಕತ್ತು ಎತ್ತಿ ಕೊಟ್ಟಳು. ಅಡುಗೆಮನೆಯ ಮಾತೆಲ್ಲ ಅವಳ ಹಾಸಿಗೆಗೆ ಕೇಳುತ್ತದೆ ಎನ್ನುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮೇಡಂ ಹೋದ ಮೇಲೆ ಗುಬ್ಬಿ ನನ್ನ ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ದನಿಯಿಲ್ಲದೆ ತುಟಿ ಅಲ್ಲಾಡಿಸಿ ಕೇಳಿದಳು: "ಚೆನ್ನಾಗಿ ಒದ್ದಾಡಿದ್ನಾ ಅಮ್ಮ?"

ಹೌದು ಮಗಳೇ, ತುಂಬಾ ಚೆನ್ನಾಗಿ ಎಂದೆ.