ಪೂರ್ತಿ ಡಬ್ಬ

ಅಪ್ಪ,

ನನ್ನ ಫ್ಲ್ಯಾಟಿಗೆ ಬಣ್ಣ ಬಳಿಯಲು ಪೇಂಟರುಗಳು ನಲವತ್ತೆರಡು ಸಾವಿರ ಕೇಳಿದ್ದಾರೆ. ನಾನು ಒಪ್ಪಿದ್ದೇನೆ. "ಹಗಲು ದರೋಡೆ ಕಣಮ್ಮ, ಅರ್ಧ ದುಡ್ಡಲ್ಲಿ ನಾನೇ ಬಂದು ಮುಗಿಸ್ತೀನಿ" ಎಂದು ನೀವು ಫೋನಿನಲ್ಲಿ ಹೇಳಿದ್ದು ನೆನಪಿದೆ. ಹೋದ ವರ್ಷ ನೀವು ಏಣಿಯಿಂದ ಬಿದ್ದದ್ದೂ ನೆನಪಿದೆ. ಏಣಿಯನ್ನು ನೀವು ಮುಟ್ಟುವ ಹಾಗಿಲ್ಲ.

ಆದರೆ ಸೋಮವಾರ ಬನ್ನಿ. ಕಿಟಕಿಯ ಪಕ್ಕ ಕುರ್ಚಿ ಹಾಕಿರುತ್ತೇನೆ. ಗೋಡೆಗೆ ಮೆತ್ತಿದ ಪುಟ್ಟಿ ಒಣಗುವ ಮೊದಲೇ ಬಣ್ಣ ಹೊಡೆಯುವವರನ್ನು ಬೈಯಲು ನನಗೆ ಬರುವುದಿಲ್ಲ. ನಲವತ್ತು ವರ್ಷ ಪೇಂಟರ್ ಕೆಲಸ ಮಾಡಿದವರು ನೀವು. ಗೋಡೆಗೆ ಬಲ್ಬು ಓರೆಯಾಗಿ ಹಿಡಿದು ಉಬ್ಬುತಗ್ಗು ನೋಡುವುದನ್ನು ಅವರಿಗೂ ತೋರಿಸಿ. "ನಮ್ಮಪ್ಪ ಸರಿ ಅಂದ್ಮೇಲೇ ಕೊನೇ ಕಂತು" ಎಂದು ಮೇಸ್ತ್ರಿಗೆ ಹೇಳಿಬಿಟ್ಟಿದ್ದೇನೆ.

ಎಲ್ಲ ಕೋಣೆಗೂ ಒಂದೇ ಬಣ್ಣ, ತಿಳಿ ಹಳದಿ. ಒಂದು ಗೋಡೆಗೆ ಬೇರೆ ಬಣ್ಣ ಕೊಟ್ಟರೆ ಈಗಿನ ಫ್ಯಾಷನ್ ಎಂದ ಅಂಗಡಿಯವ. ಬೇಡ ಎಂದೆ. ಗಿರಾಕಿಗಳ ಮನೆಯಲ್ಲಿ ಮಿಕ್ಕ ಬಣ್ಣ ತಂದು ನೀವು ನಮ್ಮ ಮನೆಗೆ ಬಳಿಯುತ್ತಿದ್ದಿರಿ. ಒಂದು ಗೋಡೆ ಹಸಿರು, ಒಂದು ನೀಲಿ, ಬಾಗಿಲ ಹಿಂದೆ ಯಾವುದೂ ಸಾಲದೆ ಬರೀ ಸುಣ್ಣ. ಗೆಳತಿಯರು ಅದನ್ನು ನೋಡಿ ನಕ್ಕಾಗ ನಾನೂ ಜೊತೆಗೆ ನಕ್ಕಿದ್ದೆ. ನೀವು ಒಳಗೇ ಇದ್ದಿರಿ.

ಇನ್ನೊಂದು ಮಾತು. ಇಲ್ಲಿ ಮಿಕ್ಕ ಬಣ್ಣವನ್ನು ನೀವು ಒಯ್ಯುವಂತಿಲ್ಲ. ಮುಂದಿನ ತಿಂಗಳು ಇದೇ ಪೇಂಟರುಗಳು ನಿಮ್ಮ ಮನೆಗೆ ಬರುತ್ತಾರೆ, ಅಡ್ವಾನ್ಸ್ ಕೊಟ್ಟಾಗಿದೆ. ಬಣ್ಣ ಯಾವುದೆಂದು ನೀವೇ ಹೇಳಿ. ಡಬ್ಬದ ಸೀಲನ್ನೂ ನೀವೇ ಒಡೆಯಬೇಕು.

ಸೋಮವಾರ ಕಾಯುತ್ತಿರುತ್ತೇನೆ,
ನಿಮ್ಮ ಮಗಳು